ಸನ್ಮಾನವಾಗದೆ ಫ್ಯಾಕ್ಟರಿ ಇಲ್ಲ

ಮಧುಗಿರಿಯಲ್ಲಿ ಕೆಲಸ ಬಲ್ಲವರಿಲ್ಲ, ಅದಕ್ಕೇ ಫ್ಯಾಕ್ಟರಿ ಬರುವುದಿಲ್ಲ ಎಂದು ಯಾರಾದರೂ ಅಂದರೆ ಲೋಹಿತಾಗೆ ಮೈಯೆಲ್ಲ ಉರಿಯುತ್ತಿತ್ತು. ಅವಳೊಬ್ಬಳೇ ತನ್ನ ಮನೆಯ ಪಡಸಾಲೆಯಲ್ಲಿ ಅರವತ್ತನಾಲ್ಕು ಹೆಂಗಸರಿಗೆ ಹೊಲಿಗೆ ಕಲಿಸಿದ್ದಳು. ಕಲಿತವರೆಲ್ಲ ಒಬ್ಬರ ರವಿಕೆ ಇನ್ನೊಬ್ಬರು ಹೊಲಿದುಕೊಂಡು ಕೂತಿದ್ದರು. ಗಾರ್ಮೆಂಟ್ಸ್ ಕಂಪನಿಯೊಂದು ಜಾಗ ನೋಡಲು ಬರುತ್ತದೆಂದು ತಿಳಿದದ್ದೇ ತಡ, ಅಷ್ಟೂ ಜನರ ಹೆಸರು, ಫೋನ್ ನಂಬರು, ಯಾರಿಗೆ ಯಾವ ಹೊಲಿಗೆ ಬರುತ್ತದೆ ಎಂಬುದನ್ನೆಲ್ಲ ಬರೆದು ಪಟ್ಟಿ ಮಾಡಿದಳು. ನಡೆದು ಹೋಗುವಷ್ಟು ದೂರದಲ್ಲೊಂದು ಸಂಬಳದ ಕೆಲಸ. ಅವಳಿಗೆ ಬೇಕಿದ್ದದ್ದು ಅಷ್ಟೇ.

ಕಂಪನಿಯ ಸಂಘಮಿತ್ರಾ ಬೆಳಿಗ್ಗೆ ಹತ್ತಕ್ಕೇ ಬಂದಿಳಿದರು. ಬೇಗ ಜಾಗ ತೋರಿಸಿ, ಮಧ್ಯಾಹ್ನ ಶಿರಾದಲ್ಲಿ ಇನ್ನೊಂದು ನೋಡುವುದಿದೆ ಅಂದರು. ಆದರೆ ಮಧುಗಿರಿ ಯಾರನ್ನಾದರೂ ಸನ್ಮಾನ ಮಾಡದೆ ಬಿಟ್ಟಿದ್ದುಂಟೆ? ಅಲ್ಲಿ ವರ್ಗವಾಗಿ ಬಂದವರಿಗೂ ಸನ್ಮಾನ, ವರ್ಗವಾಗಿ ಹೋಗುವವರಿಗೂ ಸನ್ಮಾನ. ಅಭಿವೃದ್ಧಿ ಸಮಿತಿಯ ಅಧ್ಯಕ್ಷ ಶಂಕರಲಿಂಗಪ್ಪ ಸಂಘಮಿತ್ರಾರನ್ನು ನೇರ ಸಭಾಭವನಕ್ಕೆ ಕರೆದೊಯ್ದರು.

ಪ್ರಾರ್ಥನೆ ಆಯಿತು, ದೀಪ ಆಯಿತು. ಪ್ರಾಸ್ತಾವಿಕ ನುಡಿಯವರು ಊರ ಬೆಟ್ಟವನ್ನು ಬಣ್ಣಿಸುತ್ತ ಬುಡದಿಂದ ಹೊರಟವರು ಒಂದು ಗಂಟೆಯಾದರೂ ತುದಿ ಮುಟ್ಟಲಿಲ್ಲ. ಆಮೇಲೆ ವರ್ತಕರ ಶಾಲು, ನಿವೃತ್ತರ ಶಾಲು, ಆ ಸಂಘ, ಈ ಸಂಘ. ಏಳನೆಯ ಶಾಲಿನ ಹೊತ್ತಿಗೆ ಪೇಟ ಸಂಘಮಿತ್ರಾರ ಹುಬ್ಬಿನವರೆಗೆ ಜಾರಿತ್ತು. ಅದರ ಕೆಳಗಿಂದಲೇ ಕೇಳಿದರು: "ಇಲ್ಲಿ ಹೊಲಿಗೆ ಬರೋರು ಎಷ್ಟು ಜನ ಇದ್ದಾರೆ?"

"ಮೊದ್ಲು ನೆನಪಿನ ಕಾಣಿಕೆ ತಗೊಳ್ಳಿ ಮೇಡಂ," ಅಂದರು ಶಂಕರಲಿಂಗಪ್ಪ.

ಸಭೆಯಲ್ಲಿ ಕೂತಿದ್ದ ಲೋಹಿತಾ ಪಟ್ಟಿ ಹಿಡಿದು ವೇದಿಕೆ ಹತ್ತಿಯೇಬಿಟ್ಟಳು. "ಅಣ್ಣಾ, ಎಲ್ಡು ನಿಮಿಷ ಮಾತಾಡ್ಬುಡ್ತೀನಿ."

"ನಿಂದು ವಂದನಾರ್ಪಣೆ ಆದ್ಮೇಲೆ, ಟೈಮ್ ಮಿಕ್ಕಿದ್ರೆ ಕಣಮ್ಮ. ಬಂದೋರ್ಗೆ ಮರ್ವಾದೆ ಮಾಡ್ದೆ ಹೆಸ್ರು ಓದ್ತಾ ಕೂತ್ರೆ ಊರ ಮಾನ ಏನಾಗ್ಬೇಕು? ಎಂಗೂ ಬಂದಿದ್ದೀಯ, ಆ ಹಣ್ಣಿನ ಬುಟ್ಟಿ ಎತ್ಕೊಡು."

ಲೋಹಿತಾಗೆ ಅಳು ಬಂತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಬುಟ್ಟಿ ಎತ್ತಿಕೊಂಡು, ಮೂಸಂಬಿಗಳ ನಡುವೆ ಪಟ್ಟಿಯನ್ನು ತುರುಕಿ, ಹಲ್ಲು ಕಿರಿಯುತ್ತ ಸಂಘಮಿತ್ರಾರ ಕೈಗಿಟ್ಟಳು.

ಅವರು ಜಾಗ ನೋಡದೆಯೇ ಮೂರು ಗಂಟೆಗೆ ಹೊರಟರು. ಶಿರಾದಲ್ಲಿ ಮುಖಂಡರೆಲ್ಲ ಕಾದು ಕಾದು ಮನೆಗೆ ಹೋಗಿದ್ದರು. ಉಳಿದಿದ್ದವನು ವಾಚ್‌ಮನ್ ಒಬ್ಬ. ಅವನು ಗೇಟು ತೆಗೆದ, ಮೋಟರ್ ಹಾಕಿ ನೀರು ತೋರಿಸಿದ, ಹೆದ್ದಾರಿಯತ್ತ ಕೈ ಮಾಡಿದ. ಇಪ್ಪತ್ತು ನಿಮಿಷಕ್ಕೆ ಕೆಲಸ ಮುಗಿಯಿತು. ಶಾಲಿರಲಿ, ಒಂದು ಟೀ ಕೂಡ ಕೊಡಲಿಲ್ಲ.

ಎಂಟು ತಿಂಗಳ ಮೇಲೆ ಲೋಹಿತಾಗೆ ಸಂಘಮಿತ್ರಾರ ಫೋನು ಬಂತು. "ಫ್ಯಾಕ್ಟರಿ ಶಿರಾದಲ್ಲಿ ಕಣ್ರೀ. ಆದ್ರೆ ಮೂಸಂಬಿ ಮಧ್ಯೆ ನಿಮ್ಮ ಪಟ್ಟಿ ಸಿಕ್ಕಿತ್ತು. ಬಸ್ ಕಳಿಸ್ತೀವಿ, ಅಷ್ಟೂ ಜನ ಬರ್ತಾರಾ? ನೀವೇ ಸೂಪರ್‌ವೈಸರ್." ಲೋಹಿತಾ ಕುಣಿದಾಡಿದಳು. ನಡೆದು ಹೋಗಬಹುದಾಗಿದ್ದ ಕೆಲಸಕ್ಕೆ ಇನ್ನು ದಿನಾ ಎರಡೂವರೆ ಗಂಟೆ ಬಸ್ಸಿನಲ್ಲಿ ಕೂರಬೇಕಲ್ಲ ಎಂದು ಹೊಟ್ಟೆಯೂ ಉರಿಯಿತು.

ಮೊದಲ ದಿನ ಬೆಳಿಗ್ಗೆ ಬಸ್ಸಿನ ಪಕ್ಕದಲ್ಲಿ ಶಾಮಿಯಾನ ಎದ್ದಿತ್ತು. ಶಂಕರಲಿಂಗಪ್ಪ ಮೈಕು ಹಿಡಿದಿದ್ದರು. "ನಮ್ಮ ಸಮಿತಿಯ ಸತತ ಹೋರಾಟದ ಫಲವಾಗಿ ಅರವತ್ನಾಲ್ಕು ಜನಕ್ಕೆ ಕೆಲ್ಸ! ಇಳೀರಮ್ಮ, ಒಬ್ಬೊಬ್ರಿಗೂ ಸನ್ಮಾನ ಐತೆ."

ಲೋಹಿತಾ ಕಿಟಕಿಯಿಂದ ತಲೆ ಹೊರಹಾಕಿದಳು.

"ಸಂಜೆ ಬತ್ತೀವಿ ಕಣಣ್ಣ, ಟೈಮ್ ಮಿಕ್ಕಿದ್ರೆ," ಎಂದು ಬಸ್ಸಿನ ಬದಿಗೆ ಪಟಪಟ ಬಡಿದಳು. "ರೈಟ್!"