ಕತ್ತಿ ಮನೆಯ ಮಾತು

ಮಿಡಿಗೇಶಿಯಲ್ಲಿ ಸಿದ್ದಗಂಗಯ್ಯನ ಮನೆಗೆ ಕತ್ತಿ ಮನೆ ಅಂತಲೇ ಹೆಸರು. ಯಾವುದೋ ಪಾಳೇಗಾರನ ಕಾಲದಲ್ಲಿ ಬೆಟ್ಟದ ಕೋಟೆಯ ಬಾಗಿಲು ಕಾಯುತ್ತಿದ್ದವರ ವಂಶ ಅದು. ಪಾಳೇಗಾರ ಹೋದ, ಬಾಗಿಲೂ ಹೋಯಿತು, ಕತ್ತಿ ಒಂದು ಉಳಿಯಿತು. ಅದನ್ನು ದೇವರ ಕೋಣೆಯಲ್ಲಿ ವೀರಭದ್ರನ ಪಟದ ಕೆಳಗೆ ಮಲಗಿಸಿ ಸೋಮವಾರ ಸೋಮವಾರ ವಿಭೂತಿ ಹಚ್ಚುತ್ತಿದ್ದರು. ಆ ಮನೆಯ ಗಂಡಸು ಆಯುಧ ಹಿಡಿಯುವ ಕೆಲಸಕ್ಕೆ ಊರು ಬಿಡುವಾಗ ಕತ್ತಿಯ ಮೇಲೆ ಅಂಗೈ ಇಟ್ಟು ಎರಡು ಮಾತು ಹೇಳಬೇಕು. ಬಿದ್ದವನನ್ನು ಹೊಡೆಯುವುದಿಲ್ಲ. ಇಟ್ಟ ಹೆಜ್ಜೆ ಹಿಂದಕ್ಕೆ ತೆಗೆಯುವುದಿಲ್ಲ. ಸಿದ್ದಗಂಗಯ್ಯನ ಅಪ್ಪ ಮಹಾರಾಜರ ಕುದುರೆ ಪಡೆ ಸೇರುವಾಗ ಹಾಗೆ ಹೇಳಿ ಹೋಗಿದ್ದ. ಸಿದ್ದಗಂಗಯ್ಯ ಬರ್ಮಾ ಯುದ್ಧಕ್ಕೆ ಹೋಗುವಾಗ ಹೇಳಿದ್ದ.

ಅವನ ದೊಡ್ಡ ಮಗ ಚನ್ನಮಲ್ಲ ಮಾತ್ರ ಹೇಳಿರಲಿಲ್ಲ. ತುಮಕೂರಿನಲ್ಲಿ ಕಾಲೇಜಿಗೆಂದು ಹೋದವನು ಮನೆಗೆ ತಿಳಿಸದೆ ಮಿಲಿಟರಿಗೆ ಸೇರಿಬಿಟ್ಟಿದ್ದ. ಅಪ್ಪನಿಗೆ ಅದು ಗಂಟಲಲ್ಲಿ ಸಿಕ್ಕ ಮುಳ್ಳು. ಮಗ ರಜೆಗೆ ಬಂದಾಗಲೆಲ್ಲ ಎರಡು ಮಾತಾಡಿದರೆ ಮೂರನೆಯದು ಆಡುತ್ತಿರಲಿಲ್ಲ.

ಮಿಲಿಟರಿಯಲ್ಲಿ ಚನ್ನಮಲ್ಲನ ಕೈಗೆ ಸೇಬರ್ ಬಂತು. ಅದು ಆಟದ ಕತ್ತಿ. ಮೊನೆಯೂ ಮೊಂಡು, ಅಂಚೂ ಮೊಂಡು. ಬಿಳಿ ಅಂಗಿ ತೊಟ್ಟು, ಮುಖಕ್ಕೆ ಜಾಲರಿಯ ಮುಸುಕು ಹಾಕಿಕೊಂಡ ಇಬ್ಬರು ಉದ್ದನೆಯ ಪಟ್ಟಿಯ ಮೇಲೆ ಎದುರುಬದುರು ನಿಂತು, ಸೊಂಟದಿಂದ ಮೇಲಕ್ಕೆ ಒಬ್ಬರಿಗೊಬ್ಬರು ಕತ್ತಿ ತಾಗಿಸಬೇಕು. ತಾಗಿದ್ದನ್ನು ಲೆಕ್ಕಕ್ಕೆ ಹಿಡಿಯಲು ಸುತ್ತ ತೀರ್ಪುಗಾರರು. ದೆಹಲಿಯ ಏಷ್ಯಾಡಿನಲ್ಲಿ ಈ ಆಟ ಇರಲಿಲ್ಲ. ಅದಾದ ಮೇಲೆ ಹೊರದೇಶದಲ್ಲಿ ನಡೆಯುವ ಒಂದು ದೊಡ್ಡ ಕ್ರೀಡಾಕೂಟಕ್ಕೆ ಚನ್ನಮಲ್ಲನಿಗೆ ಕರೆ ಬಂತು.

ಹೊರಡುವ ಮುಂಚೆ ಸಿಕ್ಕ ರಜೆಯಲ್ಲಿ ಅವನು ಮನೆಯ ಹಿಂದಿನ ಕಣದಲ್ಲಿ ಹೆಂಡತಿಯ ಜೊತೆ ಅಭ್ಯಾಸ ಮಾಡಿದ. ರಾಜಲಕ್ಷ್ಮಿ ಮಧುಗಿರಿಯ ಹುಡುಗಿ, ಮೈಸೂರಿನಲ್ಲಿ ಎಂ.ಎ. ಮಾಡಿದವಳು, ಹೈಸ್ಕೂಲಿನಲ್ಲಿ ಚರಿತ್ರೆ ಹೇಳುತ್ತಿದ್ದಳು. ಅವಳ ಕೈಗೊಂದು ಬಿದಿರು ಕೋಲು ಕೊಟ್ಟು, "ನುಗ್ಗು" ಅನ್ನುವನು. ಅವಳು ನುಗ್ಗುವಳು. ಅವನು ಒಂದೇ ಒಂದು ಹೆಜ್ಜೆ ಹಿಂದೆ ಸರಿಯುವನು, ಅವಳ ಕೋಲು ಗಾಳಿಯಲ್ಲಿ ಬೀಳುವುದು. ಅದು ಇನ್ನೂ ಬೀಳುತ್ತಿರುವಾಗಲೇ ಅವನ ಕೋಲು ಅವಳ ಭುಜದ ಮೇಲೆ ಹಗುರವಾಗಿ ಕೂತಿರುವುದು.

"ಮುಂದಕ್ಕೆ ನುಗ್ಗೋದು ಹೋರಿಗೂ ಬರುತ್ತೆ ರಾಜಿ. ಹಿಂದಕ್ಕೆ ಹೋಗೋದೇ ವಿದ್ಯೆ. ನನ್ನ ಆಟ ಎಲ್ಲ ಇರೋದು ಈ ಹಿಂದಿನ ಕಾಲಲ್ಲಿ."

ಆಡು ಹೊಡೆದುಕೊಂಡು ಹೋಗುವ ಗೊಲ್ಲರಹಟ್ಟಿಯ ಕ್ಯಾತಣ್ಣ ಬೇಲಿಯ ಮೇಲಿಂದ ಬಗ್ಗಿ ನೋಡಿ, "ಯವ್ವಾ ಮೇಷ್ಟ್ರಮ್ಮ, ಗಂಡನ್ನ ಒಡೆಯಕ್ಕೆ ಇಷ್ಟು ದೊಡ್ಡ ಬಯಲು ಯಾಕೆ? ನನ್ ಎಂಡ್ತಿ ಈರಕ್ಕ ಒಲೆ ಮುಂದ್ಲೇ ಒಡೀತಾಳೆ" ಅಂದ. ಕಣದಲ್ಲಿ ನಗು ತುಂಬಿತು.

ಹೊರಡುವ ದಿನ ಸಿದ್ದಗಂಗಯ್ಯ ಕತ್ತಿಯನ್ನು ಹಿತ್ತಾಳೆ ತಟ್ಟೆಯಲ್ಲಿಟ್ಟು ಪಡಸಾಲೆಗೆ ತಂದ.

"ಬಂದೂಕ ಇಡಿಯಾಕೆ ಹೇಳ್ದೆ ಕೇಳ್ದೆ ಓದೆ. ಈಗ ಕತ್ತೀನೆ ಇಡ್ಕಂಡು ಓಯ್ತಾ ಇದ್ದೀಯ. ಬಾ, ಕೈಯಿಡು."

"ಅಪ್ಪಾ, ಅದು ಆಟ ಕಣಪ್ಪ."

"ಆಟಾನೋ ಕೂಟಾನೋ. ಅದುನ್ನ ಕತ್ತಿ ಅಂತೀಯೋ ಇಲ್ವೋ?"

"ಅಂತೀನಿ."

"ಮತ್ತೆ?"

ಬೀಳ್ಕೊಡಲು ಬಂದಿದ್ದ ಕ್ಯಾತಣ್ಣ ಬಾಗಿಲಲ್ಲಿ ಕೂತಿದ್ದ. "ಲೇ ಚನ್ನ, ಇಂದಕ್ಕೆ ಎಜ್ಜೆ ಇಡ್ದಲೆ ನಿಮ್ಮಪ್ಪ ಬರ್ಮಾದಿಂದ ಊರಿಗೆ ಹೆಂಗ್ ಬಂದ ಕೇಳ್ಲಾ" ಅಂದ. ಎಲ್ಲರೂ ನಕ್ಕರು. ಸಿದ್ದಗಂಗಯ್ಯ ನಗಲಿಲ್ಲ. ಚನ್ನಮಲ್ಲ ನಗುತ್ತಲೇ ಅಂಗೈ ಇಟ್ಟ, ನಗುತ್ತಲೇ ಮೊದಲನೆಯ ಮಾತು ಹೇಳಿದ. ಎರಡನೆಯದು ಹೇಳುವಾಗ ನಗು ನಿಂತಿತ್ತು. ಅಪ್ಪ ಎದ್ದು ಬಂದು ಮಗನ ಬೆನ್ನು ತಟ್ಟಿದ.

ಬಸ್ ನಿಲ್ದಾಣದವರೆಗೂ ರಾಜಲಕ್ಷ್ಮಿ ಜೊತೆಗೆ ನಡೆದಳು. "ಯುದ್ಧಕ್ಕೆ ಅಂತ ಮಾಡಿದ ಮಾತು ಅದು, ಆಟಕ್ಕಲ್ಲ" ಅಂದಳು.

"ಹುಟ್ಟಿದಾಗಿಂದ ಅಪ್ಪ ನನ್ನ ಬೆನ್ನು ತಟ್ಟಿದ್ದು ಇವತ್ತೇ ಮೊದಲು ಕಣೆ" ಅಂದ ಚನ್ನಮಲ್ಲ. ಅವಳು ಹೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ. ಬಸ್ಸು ಬಂತು.

ಅವನು ತಿರುಗಿ ಬಂದದ್ದು ಪೆಟ್ಟಿಗೆಯಲ್ಲಿ. ಬೆಂಗಳೂರಿನವರೆಗೆ ವಿಮಾನ, ಅಲ್ಲಿಂದ ಮಿಲಿಟರಿ ಟ್ರಕ್ಕು. ಎದುರಾಳಿಯ ಕತ್ತಿ ಮುರಿದು, ಮುರಿದ ತುಂಡು ಮುಸುಕಿನ ಕೆಳಗೆ ಗಂಟಲಿಗೆ ಹೋಯಿತು ಎಂದು ಜೊತೆಗೆ ಬಂದ ಅಧಿಕಾರಿ ಇಂಗ್ಲಿಷಿನಲ್ಲಿ ಹೇಳಿದ. ರಾಜಲಕ್ಷ್ಮಿಯೇ ಅದನ್ನು ಮನೆಯವರಿಗೆ ಕನ್ನಡದಲ್ಲಿ ಹೇಳಬೇಕಾಯಿತು. ಹೇಳಿದಳು. ಅತ್ತೆ ಚಿಕ್ಕಲಕ್ಷ್ಮಮ್ಮ ನೆಲಕ್ಕೆ ಬಿದ್ದು ಹೊರಳಿದಳು. ಸಿದ್ದಗಂಗಯ್ಯ ಗೋಡೆಗೆ ಒರಗದೆ ನಿಂತೇ ಇದ್ದ. "ಗಾಯ ಮುಂದ್ಗಡೆ ತಾನೆ?" ಅಂತ ಕೇಳಿದ.

"ಮುಂದ್ಗಡೆ ಮಾವ."

ಅವಳು ಅಳಲಿಲ್ಲ. ಕಲ್ಲಿನಂಥ ಹೆಂಗಸು ಎಂದು ಊರು ಆಡಿಕೊಂಡಿತು. ಹದಿಮೂರು ದಿನ ಕಳೆದ ಮೇಲೆ ಸ್ಕೂಲಿಗೆ ಹೋದಳು, ಎಲ್ಲಿ ನಿಂತಿತ್ತೋ ಅಲ್ಲಿಂದ ಪಾಠ ಮುಂದುವರಿಸಿದಳು.

ಮಳೆಗಾಲ ಹಿಡಿಯುವ ಹೊತ್ತಿಗೆ ಸುಬೇದಾರ್ ಶಂಕರಲಿಂಗಪ್ಪ ಬಂದ. ಸಿರಾದವನು, ಚನ್ನಮಲ್ಲನಿಗೆ ಆಟ ಕಲಿಸಿದವನು, ಕೂಟಕ್ಕೂ ಜೊತೆಗೆ ಹೋಗಿದ್ದವನು. ಕಬ್ಬಿಣದ ಟ್ರಂಕೊಂದನ್ನು ಪಡಸಾಲೆಯಲ್ಲಿಳಿಸಿ, ಅದರ ಪಕ್ಕದಲ್ಲೇ ನೆಲದ ಮೇಲೆ ಕೂತ. ಟ್ರಂಕಿನಲ್ಲಿ ಬಿಳಿ ಅಂಗಿ, ಮುಸುಕು, ಒಂದು ಸೇಬರ್ ಇದ್ದವು.

"ಅವನಿಗೆ ಅವತ್ತು ಏನಾಗಿತ್ತು ಅಂತ ನಂಗೆ ಇವತ್ತಿಗೂ ತಿಳೀಲಿಲ್ಲ ತಾಯಿ" ಅಂದ ಸುಬೇದಾರ. "ನಮ್ಮ ಟೀಮಲ್ಲಿ ಹಿಂದೆ ಸರಿಯೋದ್ರಲ್ಲಿ ಅವನನ್ನ ಬಿಟ್ರೆ ಇಲ್ಲ. ಅವತ್ತು ಮೊದಲ್ನೇ ಸುತ್ತಿಂದ್ಲೇ ಕಂಬ ನಿಂತಂಗೆ ನಿಂತ. ಎರಡು ಸುತ್ತು ಸೋತ. ಜ್ವರ ಏನೋ ಅಂತ ಹಣೆ ಮುಟ್ಟಿ ನೋಡ್ದೆ, ತಣ್ಣಗಿತ್ತು. ಮೂರನೇದ್ರಲ್ಲಿ ಎದುರಿನ ಹುಡುಗ ಓಡಿ ಬಂದ. ಇವನ ಕತ್ತಿಗೆ ಬಡಿದು ಅವನದು ಮುರೀತು. ಓಡಿ ಬರೋನಿಗೆ ನಿಲ್ಲೋಕೆ ಎಲ್ಲಿ ಆಗುತ್ತೆ? ಹಿಂದಕ್ಕೆ, ಹಿಂದಕ್ಕೆ ಅಂತ ಗಂಟಲು ಹರಿಯಂಗೆ ಕೂಗ್ದೆ. ಒಂದೇ ಒಂದು ಹೆಜ್ಜೆ ತೆಗೆದಿದ್ರೆ…"

ಸುಬೇದಾರನಿಗೆ ಈ ಮನೆಯ ಕತ್ತಿಯ ಸಂಗತಿ ಗೊತ್ತಿರಲಿಲ್ಲ.

ಸಿದ್ದಗಂಗಯ್ಯ ಕಂಬಳಿಯ ಮೇಲೆ ನೆಟ್ಟಗೆ ಕೂತ. "ಅಂಗಾರೆ ಇಂದಕ್ಕೆ ಎಜ್ಜೆ ಇಡ್ಲಿಲ್ಲ ಅವನು?"

"ಇಲ್ಲ ಯಜಮಾನ್ರೇ. ಒಂದೂ ಇಲ್ಲ."

"ಶಹಬ್ಬಾಸ್" ಅಂದ ಮುದುಕ. ಮಗ ಸತ್ತ ಮೇಲೆ ಮೊದಲ ಸಲ ಅವನ ಕಣ್ಣಲ್ಲಿ ನೀರು ಬಂದದ್ದು ಆಗ.

ರಾಜಲಕ್ಷ್ಮಿ ಒಳಗೆ ಹೋಗಿ ಕಾಫಿಗೆ ನೀರಿಟ್ಟಳು. ಕತ್ತಿಯ ಮೇಲೆ ಇಟ್ಟ ಕೈ ಒಂದು ತುದಿ, ಗಂಟಲಿಗೆ ಹೋದ ತುಂಡು ಇನ್ನೊಂದು. ಆ ಪಡಸಾಲೆಯಲ್ಲಿ ಎರಡನ್ನೂ ಜೋಡಿಸಿ ನೋಡಬಲ್ಲವಳು ಅವಳೊಬ್ಬಳೇ. ಹೇಳಿದರೆ ಸತ್ತವನು ಎದ್ದು ಬರುವುದಿಲ್ಲ, ಬದುಕಿರುವ ಮುದುಕ ಸಾಯುತ್ತಾನೆ. ನೀರು ಕುದಿಯುವವರೆಗೂ ಒಲೆಯ ಮುಂದೆ ನಿಂತಿದ್ದಳು. ಹೇಳಲಿಲ್ಲ.

ಸಿದ್ದಗಂಗಯ್ಯ ಮಾತ್ರ ಹೇಳಿದ. ಜಗಲಿಯ ಮೇಲೆ ಕೂತು, ಮಧುಗಿರಿ ಬಸ್ಸಿಗೆ ಹೋಗುವವರನ್ನು, ಸಂತೆಗೆ ಹೋಗುವವರನ್ನು, ಪಾವಗಡದ ಕಡೆಯಿಂದ ಬರುವ ತೆಲುಗಿನ ಬಳೆಗಾರರನ್ನು ಕರೆಕರೆದು ಹೇಳಿದ. "ಅಷ್ಟು ದೇಸದೋರು ನೋಡ್ತಾ ಇದ್ರು. ನನ್ ಮಗ ಒಂದೆಜ್ಜೆ ಇಂದಕ್ಕೆ ತೆಗೀಲಿಲ್ಲ." ಅವಳು ಬಾವಿಯಿಂದ ನೀರು ತರುವಾಗ ಕೇಳಿಸುತ್ತಿತ್ತು. ಸ್ಕೂಲಿಗೆ ಹೊರಟಾಗ ಕೇಳಿಸುತ್ತಿತ್ತು. ಕೇಳಿ ಕೇಳಿ ಅದು ಬೇರೆ ಯಾರದೋ ಮಗನ ಕತೆಯಂತೆ ಆಗಿಹೋಗಿತ್ತು.

ವರ್ಷ ತುಂಬಿದ ಮೇಲೆ ಮೈದುನ ಗಂಗಾಧರನಿಗೂ ಮಿಲಿಟರಿಯಲ್ಲಿ ಕೆಲಸವಾಯಿತು. ಅಣ್ಣನದೇ ಎತ್ತರ, ಅಣ್ಣನದೇ ಉದ್ದ ತೋಳು. ಅವನ ಕೈಗೂ ಸೇಬರ್ ಕೊಡುವುದಾಗಿ ಶಂಕರಲಿಂಗಪ್ಪ ಹೇಳಿ ಕಳಿಸಿದ್ದ. ಗಂಗಾಧರ ಕುಣಿದಾಡಿದ. "ಅಣ್ಣ ಬಿಟ್ಟ ಕಡೆಯಿಂದ ನಾನು ಶುರು ಮಾಡ್ತೀನಿ ಅತ್ತಿಗೆ" ಅಂದ. ಅವಳು ಅವನ ಕುಣಿಯುವ ಕಾಲುಗಳನ್ನೇ ನೋಡಿದಳು.

ಹೊರಡುವ ದಿನ ಬೆಳಗ್ಗೆ ಸಿದ್ದಗಂಗಯ್ಯ ಮಿಂದು, ಕತ್ತಿಯನ್ನು ಅದೇ ಹಿತ್ತಾಳೆ ತಟ್ಟೆಯಲ್ಲಿಟ್ಟು ತಂದ. ಗಂಗಾಧರ ಒದ್ದೆ ತಲೆಯಲ್ಲೇ ಮುಂದೆ ಕೂತ. ಅಂಗೈ ಚಾಚಿದ.

"ಗಂಗಾಧರ, ಕೈ ತೆಗಿ" ಅಂದಳು ರಾಜಲಕ್ಷ್ಮಿ.

ಅವಳು ನಡುಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಟ್ರಂಕಿನ ಸೇಬರ್, ಮುಸುಕು ಇದ್ದವು.

"ಏನವ್ವಾ ಇದು?" ಅಂದ ಸಿದ್ದಗಂಗಯ್ಯ.

"ಮಾವ, ಸ್ವಲ್ಪ ಅಂಗಳಕ್ಕೆ ಬನ್ನಿ. ಆ ಮಾತು ಅಂದ್ರೆ ಏನು ಅಂತ ಹುಡುಗ ಒಂದು ಸಲ ನೋಡ್ಲಿ. ಆಮೇಲೆ ಕೈ ಇಡ್ಲಿ."

"ಉಚ್ಚು ಇಡೀತೇನೆ ನಿಂಗೆ?" ಅಂತ ಚಿಕ್ಕಲಕ್ಷ್ಮಮ್ಮ ಅಡುಗೆಮನೆಯಿಂದ ಓಡಿ ಬಂದಳು. ಆದರೆ ಸಿದ್ದಗಂಗಯ್ಯ ಆಗಲೇ ಎದ್ದಿದ್ದ. ವರ್ಷದಿಂದ ಹತ್ತು ಮಾತೂ ಆಡದ ಸೊಸೆ ಕರೆದಿದ್ದಳು. ಅಂಗಳಕ್ಕಿಳಿದು ನಿಂತ. ಅವಳು ಮುಸುಕು ಚಾಚಿದಳು. "ಮಕ ಮುಚ್ಕಂಡು ನಿಲ್ಲೋನಲ್ಲ ನಾನು" ಅಂದ. ಅವಳು ಅದನ್ನು ಕೆಳಗಿಟ್ಟು, ಚನ್ನಮಲ್ಲ ಮಾಡುತ್ತಿದ್ದಂತೆ ಸೇಬರಿನ ಹಿಡಿಯನ್ನು ಗಲ್ಲದವರೆಗೆ ಎತ್ತಿ ಇಳಿಸಿದಳು. ಆಟಕ್ಕೆ ಮುಂಚಿನ ನಮಸ್ಕಾರ ಅದು.

"ನೀವು ಕೊಟ್ಟ ಮಾತು ನಡೆಸಿ ಮಾವ. ಹೆಜ್ಜೆ ತೆಗೀಬೇಡಿ."

ಅವಳು ನುಗ್ಗಿದಳು. ಸೇಬರ್ ಮುದುಕನ ಕಿವಿಯ ಹತ್ತಿರ ಬಂದು ನಿಂತಿತು. ಅವನು ರೆಪ್ಪೆ ಮಿಟುಕಿಸಲಿಲ್ಲ. ಹಿಂದೆ ಸರಿದು ಇನ್ನೊಂದು ಸಲ ನುಗ್ಗಿದಳು. ಅವಳ ಗಂಡ ಅವಳಿಗೆ ನುಗ್ಗುವುದನ್ನಷ್ಟೇ ಹೇಳಿಕೊಟ್ಟಿದ್ದ, ನುಗ್ಗಿದ ಕೈಯನ್ನು ತಡೆದು ನಿಲ್ಲಿಸುವುದನ್ನು ಕಲಿಸಿರಲಿಲ್ಲ. ಈ ಸಲ ಕೈ ನಿಲ್ಲಲಿಲ್ಲ. ಮೊಂಡು ಅಂಚು ಹುಬ್ಬಿನ ಮೇಲೆ ಬಿತ್ತು. ಚರ್ಮ ಸೀಳಿ ರಕ್ತ ಕಣ್ಣಿನ ಪಕ್ಕದಲ್ಲಿ ಇಳಿಯಿತು. ಸಿದ್ದಗಂಗಯ್ಯ ಅಲ್ಲಾಡಲಿಲ್ಲ.

ಅವನ ಕಾಲು ತಾನಾಗಿಯೇ ಹಿಂದಕ್ಕೆ ಹೋಗುತ್ತದೆ, ಆಗ ಅವನಿಗೇ ತಿಳಿಯುತ್ತದೆ ಎಂದು ಅವಳು ಲೆಕ್ಕ ಹಾಕಿದ್ದಳು. ಆ ಕಾಲು ನೆಲದಲ್ಲಿ ಹೂತ ಕಲ್ಲಿನಂತೆ ನಿಂತಿತ್ತು. ರಕ್ತ ಸುರಿಯುವ ಆ ಮುಖದಲ್ಲಿ ಅವಳು ನೋಡದೇ ಉಳಿದಿದ್ದ ಇನ್ನೊಂದು ಮುಖ ಕಂಡಿತು. ಮುಸುಕಿನ ಒಳಗೆ ಕೊನೆಗಳಿಗೆಯಲ್ಲಿ ಅದು ಹೀಗೇ ಇದ್ದಿರಬೇಕು.

"ಹಿಂದಕ್ಕೆ ಸರೀರಿ" ಅಂದಳು. ಅದು ಯಾರಿಗೆ ಹೇಳಿದ್ದೋ ಅವಳಿಗೇ ಗೊತ್ತಾಗಲಿಲ್ಲ. "ಸರೀರೀ ಅಂದೆ!"

ಸೇಬರ್ ಮೇಲಕ್ಕೆ ಹೋಯಿತು. ಈ ಸಲ ಅದರಲ್ಲಿ ಅವಳ ಇಡೀ ಮೈ ಇತ್ತು. ಚಿಕ್ಕಲಕ್ಷ್ಮಮ್ಮ ಚೀರಿದಳು. ಗಂಗಾಧರ ಜಗಲಿಯಿಂದ ಹಾರಿ, ಹಿಂದಿನಿಂದ ಅಪ್ಪನ ಸೊಂಟ ತಬ್ಬಿ ಎಳೆದುಕೊಂಡ. ತಲೆ ಇದ್ದ ಜಾಗದಲ್ಲಿ ಸೇಬರ್ ಗಾಳಿಯನ್ನು ಸೀಳಿ ಹೋಯಿತು. ಸುಯ್ ಅಂದ ಸದ್ದು ಅಂಗಳದಲ್ಲಿದ್ದವರಿಗೆಲ್ಲ ಕೇಳಿತು.

ಸಾರಿಸಿದ ಅಂಗಳದ ಮೇಲೆ ಮುದುಕನ ಹಿಮ್ಮಡಿಗಳು ಎರಡು ಗೀರು ಎಳೆದಿದ್ದವು. ಅವನು ಅವನ್ನೇ ನೋಡಿದ. ಸೊಸೆಯ ಕೈಯಲ್ಲಿದ್ದ ಸೇಬರನ್ನು ನೋಡಿದ. ಮತ್ತೆ ಗೀರುಗಳನ್ನು ನೋಡಿದ. ಸುಬೇದಾರ ಅರ್ಧಕ್ಕೆ ನಿಲ್ಲಿಸಿದ್ದ ಮಾತು ಅವನಿಗೆ ಈಗ ಪೂರ್ತಿಯಾಗಿ ಕೇಳಿಸಿರಬೇಕು. ಸೊಸೆಯ ಕಡೆ ತಲೆ ಎತ್ತಿದ.

"ಅಲ್ಲಿ ಇಂಗೆ ಇಡ್ಕಂಡು ಎಳೆಯೋರು ಯಾರೂ ಇರ್ಲಿಲ್ವೇನವ್ವಾ?"

"ಆ ಪಟ್ಟಿ ಮೇಲೆ ಇಬ್ಬರೇ ಇರ್ಬೇಕು ಮಾವ" ಅಂದಳು ರಾಜಲಕ್ಷ್ಮಿ. "ಇನ್ಯಾರೂ ಕಾಲಿಡೋ ಹಂಗಿಲ್ಲ."

ಸಿದ್ದಗಂಗಯ್ಯ ಅಲ್ಲೇ ಕುಸಿದು ಕೂತ. ಚಿಕ್ಕಲಕ್ಷ್ಮಮ್ಮ ಸೆರಗಿನಿಂದ ಗಂಡನ ಹುಬ್ಬು ಒತ್ತಿ ಹಿಡಿದಳು. ಸೊಸೆಯನ್ನು ಬಯ್ಯಲಿಲ್ಲ. ಗಂಡನನ್ನೂ ಬಯ್ಯಲಿಲ್ಲ. ಒಳಗೆ ಪಡಸಾಲೆಯಲ್ಲಿ ಕತ್ತಿ ತಟ್ಟೆಯಲ್ಲೇ ಇತ್ತು, ಅದರ ಹತ್ತಿರ ಯಾರೂ ಹೋಗಲಿಲ್ಲ.

ಬಸ್ಸಿನ ಹೊತ್ತಾಯಿತು. ಗಂಗಾಧರ ಷರ್ಟು ಬದಲಿಸಿ, ತನ್ನ ಟ್ರಂಕು ಅಂಗಳಕ್ಕೆ ತಂದಿಟ್ಟು, ಅಪ್ಪನ ಕಾಲು ಮುಟ್ಟಲು ಬಗ್ಗಿದ. ಅಪ್ಪ ಬೆನ್ನು ತಟ್ಟಲಿಲ್ಲ. ಮಗ ಎದ್ದು ತಿರುಗಿದಾಗ ಹಿಂದಿನಿಂದ ಅವನ ಷರ್ಟಿನ ಅಂಚು ಹಿಡಿದುಕೊಂಡ. ಹಿಡಿದೇ ಇದ್ದ. ಊರ ಮುಂದೆ ಬಸ್ಸು ಹಾರ್ನ್ ಹಾಕಿತು. ಬೇಲಿಯ ಆಚೆಯಿಂದ ಕ್ಯಾತಣ್ಣ, "ಬಸ್ ಓಯ್ತದೆ ಬುಡಣ್ಣೋ, ಹುಡ್ಗನ್ನ ಬುಡು" ಅಂತ ಕೂಗಿದ. ಗಂಗಾಧರ ಹಿಂದೆ ತಿರುಗಿ ಅತ್ತಿಗೆಯ ಮುಖ ನೋಡಿದ.

ಅವಳು ಸೇಬರ್ ಕೆಳಗಿಟ್ಟು, ಮಾವನ ಪಕ್ಕದಲ್ಲಿ ಕೂತು, ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.