ಹಳದಿ ಕೋಟು

ನಮ್ಮಕ್ಕ ಮೆಸೇಜ್ ಟೈಪ್ ಮಾಡುವವಳಲ್ಲ. ಬೇಕರಿಯಲ್ಲಿ ಹಗಲೆಲ್ಲ ಹಿಟ್ಟು ನಾದುವ ಕೈ. ಹೇಳುವುದೇನಿದ್ದರೂ ಮಾತಿನಲ್ಲೇ ರೆಕಾರ್ಡ್ ಮಾಡಿ ಕಳಿಸುತ್ತಾಳೆ. ಇದು ನನಗೆ ಚೆನ್ನಾಗಿ ಗೊತ್ತು. ಆದರೂ ಬೆಳಿಗ್ಗೆ ಅವಳ ಖಾತೆಯಿಂದ ‘ಪುಟ್ಟಿ ಸ್ಕೂಲಿಗೆ ಹೊರಟ ಫೋಟೋ ಕಳಿಸು’ ಎಂದು ಅಕ್ಷರದಲ್ಲಿ ಬಂದಾಗ ನನ್ನ ಬುದ್ಧಿಗೆ ಮಂಕು ಬಡಿದಿತ್ತು. ಹೊಸ ಹಳದಿ ಕೋಟು ಹಾಕಿಕೊಂಡು ಹಲ್ಲು ಕಿರಿದು ನಿಂತ ಮಗಳ ಫೋಟೋ ಕಳಿಸಿಬಿಟ್ಟೆ.

ಗಂಡನ ಕೈಗೆ ಸಿಗಬಾರದೆಂದು ಮಗಳನ್ನು ಕಟ್ಟಿಕೊಂಡು ಇಲ್ಲಿಗೆ ಓಡಿಬಂದು, ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಿದ್ದೇನೆ. ನಾವಿರುವ ಜಾಗ ಗೊತ್ತಿದ್ದದ್ದು ಅಕ್ಕನೊಬ್ಬಳಿಗೇ. ನಾನು ಪುಟ್ಟಿಯನ್ನು ಎತ್ತಿಕೊಂಡು ಹೋದರೆ ಜನ್ಮದಲ್ಲಿ ನೀನವಳ ಮುಖ ನೋಡಲ್ಲ ಎಂದು ಅವನು ನನ್ನ ಕತ್ತು ಹಿಡಿದು ಹೇಳಿದ್ದ. ಹೇಳಿದ್ದನ್ನು ಮಾಡುವ ಆಸಾಮಿ.

ಮಧ್ಯಾಹ್ನದ ಮೇಲೆ ಲಾಂಡ್ರಿಯ ಫೋನಿಗೆ ಅಕ್ಕನ ಕರೆ ಬಂತು. ಯಾವಾಗಲೂ ಜೋರುಬಾಯಿಯವಳು, ಇವತ್ತು ಪಿಸುಗುಟ್ಟುತ್ತಿದ್ದಳು. ಮೊನ್ನೆಯಿಂದ ಅವಳ ಖಾತೆ ತೆರೆಯುತ್ತಿಲ್ಲವಂತೆ, ಮೊಬೈಲ್ ಕೆಟ್ಟಿದೆ ಅಂದುಕೊಂಡಿದ್ದಳಂತೆ. ನಿಮ್ಮ ಫೋಟೋ ಕದ್ದು ನೋಡಿದವರು ಯಾರು ಎಂದು ತೋರಿಸುವ ಯಾವುದೋ ಪುಟದಲ್ಲಿ ಪಾಸ್‌ವರ್ಡ್ ಕೊಟ್ಟಿದ್ದಳಂತೆ, ಮಹಾತಾಯಿ. ಪೊಲೀಸ್ ಸ್ಟೇಷನ್ನಿನಲ್ಲಿ ವಿಚಾರಿಸಿದರೆ, ಖಾತೆ ಕದಿಯುವವರು ಬೇರೆ, ಕೊಳ್ಳುವವರು ಬೇರೆ, ಇಂಥವರದೇ ಬೇಕು ಅಂದರೆ ಅದನ್ನೂ ಕದ್ದು ಮಾರುತ್ತಾರೆ ಅಂದರಂತೆ.

“ಬೆಳಿಗ್ಗೆ ಫೋಟೋ ಕೇಳಿದ್ಯಲ್ಲಕ್ಕ?”

“ನಾನೆಲ್ಲಿ ಕೇಳ್ದೆ?”

ಮೊಬೈಲ್ ತೆಗೆದರೆ ಅಕ್ಕನ ಖಾತೆಯಿಂದ ಇನ್ನೊಂದು ಮೆಸೇಜ್ ಬಂದಿತ್ತು: ‘ಕೋಟು ಚೆನ್ನಾಗಿದೆ, ಮಹಾರಾಣಿ.’ ಮಹಾರಾಣಿ ಅಂತ ಕರೆದೇ ಅವನು ನನಗೆ ಹೊಡೆಯುತ್ತಿದ್ದದ್ದು. ಸ್ಕೂಲಿನ ಹೆಸರು, ಬೀದಿ ಎಲ್ಲ ನಮ್ಮ ಹಳೆಯ ಮಾತುಗಳಲ್ಲೇ ಸಿಕ್ಕಿರುತ್ತದೆ. ಮಕ್ಕಳ ಗುಂಪಿನಲ್ಲಿ ದೂರದಿಂದಲೇ ಹಿಡಿಯಲು ಗುರುತೊಂದು ಬೇಕಾಗಿತ್ತು, ಅದನ್ನು ನನ್ನ ಕೈಯಾರೆ ಕೊಟ್ಟಿದ್ದೆ.

ಯಾರೂ ಒಯ್ಯದೆ ನೇತಾಡುತ್ತಿದ್ದ ಒಂದು ಬೂದು ಕೋಟನ್ನು ಎಳೆದುಕೊಂಡು ಓಡಿದೆ. ಬಣ್ಣ ಬದಲಾದರೆ ಅವನ ಕಣ್ಣು ತಪ್ಪಿಸಬಹುದೇನೋ. ದಾರಿಯುದ್ದಕ್ಕೂ ಅಕ್ಕನನ್ನೂ ಬೈದೆ, ನನ್ನನ್ನೂ ಬೈದುಕೊಂಡೆ. ಸ್ಕೂಲಿನ ಹಿಂಬಾಗಿಲಿನಿಂದ ನುಗ್ಗುವಾಗ ಬಿಡುವ ಗಂಟೆ ಹೊಡೆದಿತ್ತು. ಪುಟ್ಟಿ ಎಂದಿನಂತೆ ನನಗಾಗಿ ತರಗತಿಯಲ್ಲೇ ಟೀಚರಮ್ಮನ ಜೊತೆ ಕೂತಿದ್ದಳು. ಮೈಮೇಲೆ ಕೋಟಿರಲಿಲ್ಲ.

“ಕೋಟೆಲ್ಲೇ?”

“ನನ್ನ ಫ್ರೆಂಡಿಗೆ ಚಳಿ ಆಗ್ತಿತ್ತಮ್ಮ. ಹಾಕ್ಕೊಂಡು ಹೋಗು, ನಾಳೆ ಕೊಡು ಅಂದೆ.”

ಕಿಟಕಿಯಿಂದ ನೋಡಿದೆ. ಟೋಪಿಯನ್ನು ಮುಖದವರೆಗೆ ಎಳೆದುಕೊಂಡು ಹಳದಿ ಕೋಟು ಗೇಟಿನತ್ತ ಕುಣಿಯುತ್ತ ಹೋಗುತ್ತಿತ್ತು. ರಸ್ತೆಯ ಆಚೆ ನಿಂತಿದ್ದವನು ಮೊಬೈಲನ್ನೊಮ್ಮೆ ನೋಡಿ, ಕೋಟನ್ನೊಮ್ಮೆ ನೋಡಿ, ಈಚೆ ದಾಟತೊಡಗಿದ. ಅವನೇ.

ಹಿಂಬಾಗಿಲು ತೆರೆದೇ ಇತ್ತು. ಪುಟ್ಟಿಯ ಕೈ ನನ್ನ ಕೈಯಲ್ಲಿತ್ತು. ಸುಳ್ಳೇಕೆ, ಒಂದು ಹೆಜ್ಜೆ ಅತ್ತ ಇಟ್ಟೂಬಿಟ್ಟೆ. ಆ ಮಗುವಿಗೂ ಒಬ್ಬ ತಾಯಿ ಇರುತ್ತಾಳೆ. ಪುಟ್ಟಿಯನ್ನು ಟೀಚರಮ್ಮನ ಕಡೆಗೆ ತಳ್ಳಿ, ಬಾಗಿಲು ಹಾಕಿ ಚಿಲಕ ಹಾಕಿಕೊಳ್ಳಿ, ಪೊಲೀಸರಿಗೆ ಫೋನ್ ಮಾಡಿ ಎಂದೆ. ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದೆ.

“ಅವಳನ್ನ ಮುಟ್ಟಬೇಡ. ನಿನ್ನ ಮಹಾರಾಣಿ ಇಲ್ಲಿದ್ದಾಳೆ.”

ಅವನು ತಲೆಯೆತ್ತಿ ನಕ್ಕ. ಹಳದಿ ಕೋಟು ಅವನ ಪಕ್ಕದಲ್ಲೇ ಹಾದು ಮನೆಯ ಕಡೆಗೆ ಹೋಯಿತು.