ಓರೆಗೀಟು, ಹಲಸಿನ ಮುಳ್ಳು

ನನಗೆ ಹಕಾರ ಅಂದರೆ ಪ್ರಾಣ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ನಡೆದ ಪಜೀತಿಗೆಲ್ಲ ಅದೇ ಕಾರಣ.

ಸೇಲಂನ ಗುಗೈ ಬಡಾವಣೆಯಲ್ಲಿ ನಮ್ಮ ಬೀದಿ ಪೂರ್ತಿ ನೇಯುವವರು, ಮನೆಮಾತು ಕನ್ನಡ. ಆದರೆ ಕನ್ನಡ ಓದಲು ಬರುವವರು ಯಾರೂ ಇರಲಿಲ್ಲ. ಶಾಲೆಯಲ್ಲಿ ಎಲ್ಲರೂ ಕಲಿತದ್ದು ತಮಿಳು. ನಾನು ಇಪ್ಪತ್ತಾರನೇ ವಯಸ್ಸಿನಲ್ಲಿ ಒಂದನೇ ತರಗತಿಯ ಪುಸ್ತಕ ತರಿಸಿಕೊಂಡು ಅಕ್ಷರ ಕಲಿತೆ. ಆಗ ಗೊತ್ತಾಯಿತು ನೋಡಿ, ನಾವು ದಿನಾ ಕುಡಿಯುವ ‘ಆಲು’ ಹಾಲಂತೆ, ನಮ್ಮ ‘ಅಬ್ಬ’ ಹಬ್ಬವಂತೆ, ‘ಎಸ್ರು’ ಕೂಡ ಹೆಸರಂತೆ! ಇಷ್ಟು ವರ್ಷ ನಮ್ಮ ಅಕ್ಷರವನ್ನು ಯಾರೋ ಕದ್ದುಬಿಟ್ಟಿದ್ದರು ಎಂಬಂತೆ ಸಿಟ್ಟು ಬಂತು. ಅವತ್ತಿನಿಂದ ಮನೆಯಲ್ಲಿ ಬಾಯಿ ತೆರೆದವರನ್ನೆಲ್ಲ ತಿದ್ದತೊಡಗಿದೆ.

ಎಲ್ಲರಿಗಿಂತ ಹೆಚ್ಚು ತಿದ್ದಿಸಿಕೊಂಡವಳು ರಾಮಕ್ಕತ್ತೆ, ನನ್ನ ಅಪ್ಪನ ಅಕ್ಕ. ಅರವತ್ಮೂರು ವಯಸ್ಸು, ಈಗಲೂ ದಿನಾ ಮಗ್ಗಕ್ಕೆ ಕೂರುತ್ತಾಳೆ.

“ಲೇ ಪಂಡಿತಮ್ಮ, ನಿನ್ನ ಅಕಾರ ನೀನೇ ಇಟ್ಕಾ. ನನ್ಗೆ ಬಾಯಿ ನೋಯ್ತೈತೆ.”

“ಅಕಾರ ಅಲ್ಲ ಅತ್ತೆ, ಹಕಾರ.”

“ಅದ್ನೇ ಕಣೇ ನಾನೂ ಯೋಳಿದ್ದು!”

ಅತ್ತೆ ನೇಯುವುದು ಒಂದೇ ಬಗೆಯ ಸೀರೆ. ಒಡಲಿಗೆ ಒಂದು ಬಣ್ಣ, ಅಂಚಿಗೆ ಬೇರೆ ಬಣ್ಣ, ಅಂಚಿನ ತುಂಬ ಒತ್ತೊತ್ತಾಗಿ ಚೂಪು ಚೂಪು ಹಲ್ಲು. ಅದಕ್ಕೆ ಹಲಸಿನ ಮುಳ್ಳು ಅಂತ ಹೆಸರು. ಮೂರು ಲಾಳಿ ಬೇಕು, ಆ ಕಡೆಯಿಂದ ಲಾಳಿ ಎಸೆಯಲು ಇನ್ನೊಬ್ಬರು ಬೇಕು; ಹಾಗಾಗಿ ಉಳಿದವರೆಲ್ಲ ಬಿಟ್ಟುಬಿಟ್ಟರು. ನಮ್ಮ ನೇಕಾರರ ಸಂಘದಲ್ಲಿ ಈಗ ಅದನ್ನು ನೇಯುವವಳು ಅತ್ತೆ ಒಬ್ಬಳೇ. ಆ ಕಡೆ ಕೂರುವವಳು ನನ್ನ ಅಮ್ಮ, ಬೈದುಕೊಂಡೇ ಕೂರುತ್ತಾಳೆ.

ಆಡಿ ತಿಂಗಳಲ್ಲಿ, ಜುಲೈ ಕೊನೆಗೆ, ಸಂಘದ ಕಾರ್ಯದರ್ಶಿ ವೆಂಕಟಾಚಲಣ್ಣ ಮನೆಗೆ ಬಂದರು. ಒಳ್ಳೆಯ ಮನುಷ್ಯ, ಕೆಟ್ಟ ಸುದ್ದಿ ಹೇಳುವ ಮುಂಚೆ ಎರಡು ಲೋಟ ಕಾಫಿ ಕುಡಿಯುತ್ತಾರೆ. ಅವತ್ತೂ ಕುಡಿದರು. “ರಾಮಕ್ಕ, ಈ ಅಂಚನ್ನ ಕೇಳೋರೇ ಇಲ್ಲ. ಎಂಟನೇ ತಾರೀಕು ಕಮಿಟಿ ಐತೆ. ಅಷ್ಟ್ರೊಳ್ಗೆ ಅತ್ತು ಜನ ಕೇಳಿದ್ರೆ ಸರಿ. ಇಲ್ಲಾಂದ್ರೆ ನಿನ್ನ ಮಗ್ಗಾನ ಈ ಅಂಚಿಲ್ಲದ ಪ್ಲೈನ್ ಸೀರೆಗೆ ಮಾತ್ತಿಬಿಡ್ತೀವಿ. ನಾನ್ ಎನ್ನ ಮಾಡ್ಲಿ?”

ಅವರು ಹೇಳಿದ್ದು ಹತ್ತು ಜನ. ನನ್ನ ಕಿವಿಗೆ ಅತ್ತು ಎಂದೇ ಬಿತ್ತು, ಅತ್ತೆಯ ಮುಖವೂ ಹಾಗೇ ಆಗಿತ್ತು. ಅವಳು ಲೋಟ ಎತ್ತಿಕೊಂಡು ಒಳಗೆ ಹೋದಳು.

ಆದರೆ ವೆಂಕಟಾಚಲಣ್ಣ ಒಂದು ಒಳ್ಳೆಯ ಕೆಲಸವನ್ನೂ ಮಾಡಿದ್ದರು. ಆಗಸ್ಟ್ ಏಳರ ಕೈಮಗ್ಗ ದಿನಕ್ಕೆ ಊರಿನ ಎಫ್ಎಂ ರೇಡಿಯೊದಲ್ಲಿ ಮಾತಾಡಲು ಅತ್ತೆಯ ಹೆಸರು ಕೊಟ್ಟಿದ್ದರು. ಬೆಳಿಗ್ಗೆ ಎಂಟಕ್ಕೆ ಕಾರ್ಯಕ್ರಮ, ಸಂಜೆ ಐದಕ್ಕೆ ಅದೇ ಇನ್ನೊಮ್ಮೆ. “ಸಂಘದ ವೆಬ್‌ಸೈಟ್ ಅಡ್ರೆಸ್ಸು ಯೋಳಿಬಿಡು ರಾಮಕ್ಕ, ಬೇಕಾದೋರು ಅಲ್ಲೇ ನೋಡಿ ಕೇಳ್ತಾರೆ,” ಎಂದರು.

ವೆಬ್‌ಸೈಟ್ ಎಂದಕೂಡಲೇ ಎಲ್ಲರೂ ನನ್ನ ಕಡೆ ತಿರುಗಿದರು. ಹೊಸ ಬಸ್ ಸ್ಟ್ಯಾಂಡ್ ಹಿಂದೆ ನಾಲ್ಕು ಜನರ ಪುಟ್ಟ ಆಫೀಸಿನಲ್ಲಿ ನಾನು ಅದೇ ಕೆಲಸ ಮಾಡುವವಳು. ಸಂಘದ ಸೈಟನ್ನು ಯಾವ ಪುಣ್ಯಾತ್ಮ ಮಾಡಿದ್ದನೋ, ಅತ್ತೆಯ ಸೀರೆಯ ವಿಳಾಸ ನೋಡಿ ತಲೆ ತಿರುಗಿತು. ಸಂಘದ ಹೆಸರು, ಆಮೇಲೆ ಶೋ ಡಾಟ್ ಪಿಎಚ್‌ಪಿ, ಪ್ರಶ್ನಾರ್ಥಕ ಚಿಹ್ನೆ, ಪಿಐಡಿ ಈಕ್ವಲ್ ಟು ಹದಿನೇಳು, ಮತ್ತೇನೋ ಒಂದು ಸೊಟ್ಟ ಚಿಹ್ನೆ, ಸಿ ಈಕ್ವಲ್ ಟು ಮೂರು. ಇದನ್ನು ರೇಡಿಯೊದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಕಾರ್ಯಕ್ರಮವೇ ಮುಗಿಯುತ್ತದೆ.

ಬಾಯಲ್ಲಿ ಹೇಳಬಹುದಾದ ವಿಳಾಸ ಬೇಕಿತ್ತು. ಸಂಘದ ಹೆಸರು, ಡಾಟ್ ಇನ್, ಸ್ಲ್ಯಾಶ್ ಅನ್ನುವ ಒಂದು ಓರೆಗೀಟು, ಸೀರೆಯ ಹೆಸರು. ಅಷ್ಟೇ.

ನನ್ನ ಪಕ್ಕದ ಕುರ್ಚಿಯ ಧನಶೇಖರ್ ಪಾಲಕೋಡ್ ಕಡೆಯವನು, ಟೊಮ್ಯಾಟೊ ಬೆಳೆಯುವ ಕನ್ನಡದವರ ಮನೆ. ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು, ಪ್ರಶ್ನೆ ಮುಗಿದ ದಿನವೇ ಇರಲಿಲ್ಲ. “ಅಕ್ಕ, ಆ ಎಸ್ರಲ್ಲಿ ಸರ್ವರ್‌ನಲ್ಲಿ ಫೈಲೇ ಇಲ್ವಲ್ಲ. ಮತ್ತೆ ಪೇಜು ಎಂಗೆ ಬತ್ತೈತೆ?”

“ಸಂಘದ ಆಫೀಸಿಗೆ ಹೋದರೆ ನೀನೇ ಒಳಗೆ ನುಗ್ಗಿ ಬೀರು ತೆಗೀತೀಯಾ? ಬಾಗಿಲಲ್ಲಿ ವೆಂಕಟಾಚಲಣ್ಣ ಕೂತಿರ್ತಾರೆ. ಇಂಥ ಸೀರೆ ಅಂತ ಹೆಸರು ಹೇಳ್ತೀಯ, ಅವರು ಒಳಗಿಂದ ತಂದು ತೋರಿಸ್ತಾರೆ. ಇಲ್ಲೂ ಹಾಗೇ. ಯಾರು ಏನು ಕೇಳಿದ್ರೂ ಮೊದಲು ಒಂದೇ ಫೈಲಿಗೆ ಬರ್ಬೇಕು ಅಂತ ಸರ್ವರ್‌ಗೆ ನಿಯಮ ಬರೀತೀವಿ. ಯಾವ ಹೆಸರಿಗೆ ಯಾವ ಪೇಜು ಅಂತ ಆ ಫೈಲಿಗೆ ಗೊತ್ತಿರುತ್ತೆ.”

“ಗೊತ್ತಿಲ್ಲದ ಎಸ್ರು ಕೇಳಿದ್ರೆ?”

“ನಾನೂರ ನಾಲ್ಕು. ಪೇಜು ಇಲ್ಲ ಅಂತ ವಾಪಸ್ ಕಳಿಸುತ್ತೆ.”

ನಾನು ಹೆಮ್ಮೆಯಿಂದ ಹಲಸಿನ ಮುಳ್ಳು ಎಂದು ಇಂಗ್ಲಿಷ್ ಅಕ್ಷರದಲ್ಲಿ, ಎಚ್‌ನಿಂದ ಶುರುಮಾಡಿ, ಬರೆದೆ. ಎಂಥ ಚೆಂದದ ವಿಳಾಸ! ಪೇಜಿನ ಕೆಳಗೆ ‘ಬೇಕು’ ಎಂದೊಂದು ಗುಂಡಿ. ಒತ್ತಿದರೆ ಹೆಸರು, ಫೋನ್ ನಂಬರು ಸಂಘಕ್ಕೆ ಬರುತ್ತದೆ. ಮನೆಗೆ ಹೋಗಿ ಅತ್ತೆಗೆ ಪಾಠ ಶುರುಮಾಡಿದೆ.

“ಓರೆಗೀಟು, ಅಲಸಿನ ಮುಳ್ಳು.”

“ಅತ್ತೆ, ದಮ್ಮಯ್ಯ! ಹ, ಹ! ಎಚ್ ಅಂತ ಒಂದು ಅಕ್ಷರ ಇದೆ ಅಲ್ಲಿ.”

“ಎಚ್ಚು ಗಿಚ್ಚು ನನ್ಗೆ ಬರಾಕಿಲ್ಲ. ಅಲಸಿನ ಅಣ್ಣು ತಿನ್ನೋಕೆ ಎಚ್ಚು ಬೇಕೇನೇ?”

ಆದರೂ ಅವಳು ಕಲಿಯಲು ನೋಡಿದಳು. ಐದು ದಿನ ಮಗ್ಗದ ಮುಂದೆ ಕೂತು ಲಾಳಿ ಎಸೆಯುತ್ತಲೇ “ಹ, ಹ” ಎಂದು ಉಸಿರು ಬಿಡುತ್ತಿದ್ದಳು. ಅಮ್ಮ ಆ ಕಡೆಯಿಂದ, “ಏನತ್ತಿಗೆ, ಆಸ್ಪತ್ರೆಗೆ ಓಗೋಣ್ವಾ?” ಎಂದು ಕೇಳಿ ನಗುತ್ತಿದ್ದಳು. ನಾನೂ ನಕ್ಕೆ. ಅಷ್ಟು ನಗಬಾರದಿತ್ತು.

ಏಳನೇ ತಾರೀಕು ಬೆಳಿಗ್ಗೆ ವೆಂಕಟಾಚಲಣ್ಣ ಅತ್ತೆಯನ್ನು ಸ್ಕೂಟರ್ ಮೇಲೆ ಕೂರಿಸಿಕೊಂಡು ರೇಡಿಯೊ ಸ್ಟೇಷನ್ನಿಗೆ ಕರೆದುಕೊಂಡು ಹೋದರು. ನಾನು ಧನಶೇಖರ್ ಜೊತೆ ಆಫೀಸಿನಲ್ಲಿ ಫೋನಿಗೆ ಕಿವಿ ಹಚ್ಚಿ ಕೂತೆ. ಅಬ್ಬಬ್ಬಾ, ಏನು ಮಾತಾಡಿದಳು ಗೊತ್ತಾ! ಅರ್ಧ ತಮಿಳು, ಅರ್ಧ ಕನ್ನಡ. ಅವಳ ಅಜ್ಜಿ ಆ ಅಂಚು ಕಲಿಸುವಾಗ ಹಲ್ಲು ತಪ್ಪಿದಷ್ಟು ಸಲ ಕಿವಿ ಹಿಂಡಿದ್ದು, ಮದುವೆ ದಿನ ತಾನೇ ನೇಯ್ದ ಸೀರೆ ಉಟ್ಟದ್ದು, ಎಲ್ಲ ಹೇಳಿದಳು. ಕಾರ್ಯಕ್ರಮ ನಡೆಸುವ ಹುಡುಗಿ ನಕ್ಕೂ ನಕ್ಕೂ ಸುಸ್ತಾದಳು. ಕೊನೆಗೆ ವಿಳಾಸ ಕೇಳಿದಳು.

“ಸಂಘದ ಎಸ್ರು, ಡಾಟ್ ಇನ್, ಓರೆಗೀಟು...” ಅತ್ತೆ ಒಂದು ಸಲ ಜೋರಾಗಿ ಉಸಿರೆಳೆದಳು. ನಾನು ಎದ್ದು ನಿಂತೆ. “...ಅಲಸಿನ ಮುಳ್ಳು!”

ಎರಡು ಸಲ ಹೇಳಿದಳು, ಎರಡು ಸಲವೂ ಅಲಸಿನ.

ನಾನು ತಲೆ ಚಚ್ಚಿಕೊಂಡೆ. ಆದರೂ, ಜನ ಊಹಿಸಿಕೊಳ್ಳುತ್ತಾರೆ ಬಿಡು ಅಂದುಕೊಂಡು ಪೇಜಿಗೆ ಎಷ್ಟು ಜನ ಬಂದರೆಂದು ನೋಡಿದೆ. ಒಬ್ಬರು. ಅದು ನಾನೇ. ಒಂಬತ್ತೂವರೆಗೂ ಒಬ್ಬರು, ಹನ್ನೊಂದಕ್ಕೂ ಒಬ್ಬರು. ಅತ್ತೆ ಫೋನ್ ಮಾಡಿದಳು. “ಏನೇ, ಎಷ್ಟು ಜನ ಬಂದ್ರು?”

“ಬರ್ತಾ ಇದ್ದಾರೆ ಅತ್ತೆ,” ಎಂದೆ. ಅವಳಿಗೆ ನಾನು ಯಾವತ್ತೂ ಸುಳ್ಳು ಹೇಳಿದವಳಲ್ಲ.

“ಅತ್ತು ಆಗ್ತಾರಾ?”

“ಆಗ್ತಾರೆ.”

ಫೋನಿಟ್ಟೆ. ನಾಳೆ ಬಂದು ಮಗ್ಗದ ಅಂಚಿನ ಕಟ್ಟು ಬಿಚ್ಚುತ್ತಾರೆ, ಅತ್ತೆ ಪಕ್ಕದಲ್ಲಿ ನಿಂತು ನೋಡುತ್ತಾಳೆ, ಅಷ್ಟೇ ಕಣ್ಣ ಮುಂದೆ ಬರುತ್ತಿತ್ತು. ಅಳು ಬಂತು, ಅತ್ತುಬಿಟ್ಟೆ.

ಧನಶೇಖರ್‌ಗೆ ಅಳುವವರ ಮುಂದೆ ಏನು ಮಾಡಬೇಕೆಂದು ಗೊತ್ತಿಲ್ಲ. ಪ್ರಶ್ನೆ ಕೇಳುವುದೊಂದೇ ಗೊತ್ತು. “ಅಕ್ಕ, ಪೇಜು ಇಲ್ಲ ಅಂತ ವಾಪಸ್ ಕಳಿಸ್ತೈತಲ್ಲ, ಅಂಗೆ ಬಂದು ಓದೋರ್ನ ಯಾರಾದ್ರೂ ಬರೆದಿಟ್ಕೊತಾರಾ?”

ನಾನು ಕಣ್ಣೊರೆಸಿಕೊಂಡು ಅವನ ಮುಖ ನೋಡಿದೆ. ಸರ್ವರ್ ಬರೆದಿಟ್ಟುಕೊಳ್ಳುತ್ತದೆ. ವಾಪಸ್ ಹೋದ ಒಬ್ಬೊಬ್ಬರಿಗೂ ಒಂದೊಂದು ಸಾಲು ಬರೆಯುತ್ತದೆ. ಐದು ವರ್ಷ ಈ ಕೆಲಸ ಮಾಡಿ ಅದು ನೆನಪಾಗಲಿಲ್ಲವಲ್ಲ, ನನ್ನ ಬುದ್ಧಿಗಿಷ್ಟು! ಆ ಲಾಗ್ ತೆರೆದೆ.

ಸಾಲು ಸಾಲು ಸಾಲು. ನಿಲ್ಲುತ್ತಲೇ ಇಲ್ಲ. ಅಲಸಿನ-ಮುಳ್ಳು. ಅಲಸಿನಮುಳ್ಳು. ಅಲಸಿನ್ ಮುಳು. ಆಲಸಿನ ಮುಲ್ಲು. ಯಾರೋ ಒಬ್ಬರು ಪಾಪ ಓರೆಗೀಟನ್ನೂ ಅಕ್ಷರದಲ್ಲೇ ಬರೆದಿದ್ದರು: ಓರೆಗೀಟು ಅಲಸಿನ ಮುಳ್ಳು. ಎಣಿಸಿದರೆ ಇನ್ನೂರ ಹನ್ನೆರಡು ಸಾಲು, ಎಲ್ಲ ನಾನೂರ ನಾಲ್ಕು. ಎಚ್ ಹಾಕಿದವರು ಒಬ್ಬರೂ ಇಲ್ಲ! ಒಂದು ಫೋನಿನಿಂದ ಹನ್ನೊಂದು ಸಲ ಬಂದಿದ್ದರು. ಒಂದೊಂದು ಸಲ ಒಂದೊಂದು ಥರ ಬರೆದು, ಬಾಗಿಲು ತಟ್ಟಿ ತಟ್ಟಿ ಹೋಗಿದ್ದರು. ಇಷ್ಟು ಜನ ಅತ್ತೆಯ ಸೀರೆ ಹುಡುಕಿಕೊಂಡು ಬಂದರೆ, ಒಂದು ಹಕಾರ ಹಿಡಿದುಕೊಂಡು ನಾನು ಬಾಗಿಲು ಹಾಕಿ ಕೂತಿದ್ದೆ.

“ಧನಾ, ಸಂಜೆ ಐದಕ್ಕೆ ಮತ್ತೆ ಬರುತ್ತೆ ಕಣೋ ಕಾರ್ಯಕ್ರಮ!”

ಕೂತೆವು. ನಡುವೆ ಅಡ್ಡಗೀಟು ಇರಲಿ ಬಿಡಲಿ, ಲ ಒಂದಿರಲಿ ಎರಡಿರಲಿ, ಓರೆಗೀಟನ್ನು ಅಕ್ಷರದಲ್ಲೇ ಬರೆಯಲಿ, ಎಲ್ಲರನ್ನೂ ಸರಿಯಾದ ಪೇಜಿಗೆ ತಿರುಗಿಸುವ ನಿಯಮ ಬರೆದೆ. ಊಟ ಮರೆತುಹೋಯಿತು. ಕೊನೆಯ ಸಾಲಿಗೆ ಬಂದಾಗ ಧನಶೇಖರ್ ಮತ್ತೆ ಬಾಯಿ ತೆರೆದ. “ಅಕ್ಕ, ಒಂದು ಪೇಜಿಗೆ ಒಂದೇ ನಿಜವಾದ ವಿಳಾಸ ಇರ್ಬೇಕು, ಬಾಕಿ ಎಲ್ಲಾ ಅದ್ಕೆ ತಿರುಗಿಸ್ಬೇಕು ಅಂತ ನೀವೇ ಯೋಳಿದ್ರಿ. ಇಲ್ಲಿ ಯಾವ್ದು ನಿಜ? ಅಲಸಾ, ಹಲಸಾ?”

ನನ್ನ ಬೆರಳು ಎಚ್ ಮೇಲೆ ನಿಂತಿತ್ತು. ಇನ್ನೂರ ಹನ್ನೆರಡು ಸಾಲುಗಳನ್ನು ಇನ್ನೊಮ್ಮೆ ನೋಡಿದೆ. ಆ ಅಂಚನ್ನು ಹುಟ್ಟಿಸಿದವರು, ಕಿವಿ ಹಿಂಡಿ ಕಲಿಸಿದವರು, ಉಟ್ಟವರು ಎಲ್ಲರೂ ಅದನ್ನು ಕರೆದದ್ದು ಒಂದೇ ಹೆಸರಿನಿಂದ. ಒಂದನೇ ತರಗತಿ ಪುಸ್ತಕ ಓದಿಕೊಂಡು ಅದನ್ನು ತಿದ್ದಲು ನಾನು ಯಾರು?

ಎಚ್ ಅಳಿಸಿದೆ. ಅಲಸಿನ ಮುಳ್ಳು ಎಂಬುದೇ ನಿಜವಾದ ವಿಳಾಸ ಎಂದು ಬರೆದೆ. ಹಕಾರ ಹಾಕಿ ಕೇಳುವ ಪಂಡಿತರು ಬಂದರೆ, ‘ವಿಳಾಸ ಶಾಶ್ವತವಾಗಿ ಬದಲಾಗಿದೆ’ ಎಂದು ಸರ್ವರ್ ಅವರನ್ನು ಅಲಸಿನ ಕಡೆಗೆ ಕಳಿಸುತ್ತದೆ. ಪೇಜಿನ ತಲೆಬರಹದಲ್ಲೂ ಹಕಾರ ತೆಗೆದೆ. ನಾಲ್ಕು ಮುಕ್ಕಾಲಿಗೆ ಕೆಲಸ ಮುಗಿಯಿತು.

ಐದು ಗಂಟೆಗೆ ರೇಡಿಯೊದಲ್ಲಿ ಅತ್ತೆ ಮತ್ತೆ ಮಾತಾಡಿದಳು. “ಓರೆಗೀಟು, ಅಲಸಿನ ಮುಳ್ಳು!” ಈ ಸಲ ನಾನು ಕುರ್ಚಿಯಿಂದ ಎದ್ದು ಕುಣಿದೆ. ಪೇಜಿಗೆ ಮೂವರು ಬಂದರು. ಹದಿನೆಂಟು ಜನ ಬಂದರು. ಅರವತ್ತು ದಾಟಿತು. ‘ಬೇಕು’ ಗುಂಡಿ ಒತ್ತಿದವರು ಒಂದು, ಎರಡು, ಐದು. ಆರೂವರೆಗೆ ಒಂಬತ್ತಕ್ಕೆ ಬಂದು ನಿಂತಿತು. ಏಳಾದರೂ ಒಂಬತ್ತೇ. ಧನಶೇಖರ್ ಉಗುರು ಕಚ್ಚತೊಡಗಿದ. ನಮ್ಮಲ್ಲೇ ಒಬ್ಬರು ಒತ್ತಿಬಿಡೋಣವಾ ಎಂದು ನನ್ನ ಕೈ ತುರಿಸುತ್ತಿತ್ತು, ಸುಳ್ಳು ಹೇಳುವುದಿಲ್ಲ.

ಆಗ ಫೋನ್ ಬಂತು. ಪೇಜಿನಲ್ಲಿ ನನ್ನ ನಂಬರನ್ನೂ ಹಾಕಿದ್ದೆ. ಪಾಲಕೋಡ್ ಹತ್ತಿರದ ಹಳ್ಳಿಯಿಂದ ರಾಧಾ ಎನ್ನುವವಳು.

“ಅಕ್ಕ, ಬೆಳಿಗ್ಗೆಯಿಂದ ಅನ್ನೊಂದು ಸಲ ಒತ್ತಿದೀನಿ ಕಣಕ್ಕ, ನಿಮ್ ಪೇಜು ಈಗ ಬಂತು! ನಮ್ಮಜ್ಜಿ ಸೀರೇಲಿ ಇದೇ ಅಂಚಿತ್ತು. ಮುಂದಿನ ತಿಂಗಳು ಆವಣೀಲಿ ನನ್ನ ಕಲ್ಯಾಣ. ನನ್ಗೂ ಅದೇ ಬೇಕು. ಅಮ್ಮಂಗೂ ಒಂದು, ಚಿಕ್ಕಮ್ಮಂಗೂ ಒಂದು. ಗುಂಡಿ ಮೂರು ಸಲ ಒತ್ಲಾ?”

“ಒತ್ತವ್ವ, ಒತ್ತು! ಮೂರಲ್ಲ, ಮೂವತ್ತು ಸಲ ಒತ್ತು!” ಎಂದು ಕಿರುಚಿದೆ. ಹನ್ನೆರಡಾಯಿತು. ವೆಂಕಟಾಚಲಣ್ಣನಿಗೆ ಫೋನ್ ಮಾಡಿದೆ. “ಮಗ್ಗ ಮಾತ್ತೋದು ಬೇಡ ಅಂತ ಕಮಿಟೀಲಿ ನಾನೇ ಯೋಳ್ತೀನಿ. ಕಾಫಿ ಇಡ್ಸಮ್ಮ, ಬತ್ತಾ ಇದೀನಿ,” ಎಂದರು. ಕಾಫಿ ಎಂದಕೂಡಲೇ ಮೊದಲು ಹೆದರಿಕೆಯಾಯಿತು, ಆಮೇಲೆ ನಗು ಬಂತು.

ಮನೆಗೆ ಓಡಿದೆ. ಅತ್ತೆ ಮಗ್ಗದ ಮೇಲೆ ಬಟ್ಟೆ ಹೊದಿಸಿ ಪಕ್ಕದಲ್ಲಿ ಕೂತಿದ್ದಳು. ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು. ಇದ್ದದ್ದೆಲ್ಲ ಹೇಳಿದೆ, ಬೆಳಿಗ್ಗೆ ಹೇಳಿದ ಸುಳ್ಳನ್ನೂ ಹೇಳಿದೆ. ಅವಳು ನನ್ನ ಬೆನ್ನಿಗೊಂದು ಗುದ್ದಿ, ಮೂಗು ಒರೆಸಿಕೊಂಡು, “ಎಲ್ಲಿ, ಆ ಪೇಜು ತೋರ್ಸು,” ಎಂದಳು.

ಫೋನಿನಲ್ಲಿ ತೋರಿಸಿದೆ. ತನ್ನ ಸೀರೆಯ ಚಿತ್ರವನ್ನು ಬೆರಳಿಂದ ಸವರಿದಳು, ಅದು ಜಾರಿ ಮೇಲಕ್ಕೆ ಹೋಯಿತು, ಗಾಬರಿಯಾಗಿ ಕೈ ತೆಗೆದಳು. ಆಮೇಲೆ ತಲೆಬರಹ ತೋರಿಸಿ ಕೇಳಿದಳು. “ಇಲ್ಲಿ ಏನಂತ ಬರ್ದೈತೆ? ಓದು.”

ಜೀವನದಲ್ಲಿ ಮೊದಲ ಸಲ, ಬೇಕೆಂದೇ, ಪ್ರೀತಿಯಿಂದ, ಹಕಾರ ಬಿಟ್ಟು ಓದಿದೆ. “ಅಲಸಿನ ಮುಳ್ಳು.”

ಅತ್ತೆ ಹುಬ್ಬು ಗಂಟಿಕ್ಕಿ ನನ್ನನ್ನೇ ನೋಡಿದಳು. ಐದು ದಿನದ ಉಸಿರನ್ನೆಲ್ಲ ಒಟ್ಟುಮಾಡಿಕೊಂಡು ಹೇಳಿದಳು:

“ಅಲಸಿನ ಅಲ್ಲ ಕಣೇ, ಹಲಸಿನ! ಹ, ಹ! ಏನು ಪಂಡಿತಮ್ಮ ನೀನು, ಇಷ್ಟೂ ಬರಾಕಿಲ್ವಾ?”